ಸಾರಿಗೆ ಕಲಸುವ ಪುಡಿ: ದುಡ್ಡು ಕೊಡುವ ಮುಂಚೆ

‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಅನ್ನುವ ಜಾಹೀರಾತು ದಾವಣಗೆರೆಯವರಿಗೆ ಹೊಸದೇನಲ್ಲ. ಬಣ್ಣ ಇಲ್ಲ, ವಾಸನೆ ಇಲ್ಲ, ಸಾರಿಗೋ ಮಜ್ಜಿಗೆಗೋ ಒಂದು ಚಮಚ ಕಲಸಿಕೊಟ್ಟರೆ ಸಾಕಂತೆ. ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಪುಡಿಯದ್ದಲ್ಲ, ಗುಟ್ಟಾಗಿ ಕೊಡಿ ಅನ್ನುವ ಅಷ್ಟೂ ಪುಡಿಗಳದ್ದು. ಅಂಕ ಮೊದಲೇ ಹೇಳಿಬಿಡುತ್ತೇವೆ: ಐದಕ್ಕೆ ಸೊನ್ನೆ.

ಪೊಟ್ಟಣದ ಹಿಂಬದಿ ಓದಿ. ಯಾವ ವಸ್ತು ಎಷ್ಟು ಮಿಲಿಗ್ರಾಂ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದಿದ್ದರೆ ಒಳಗೇನಿದೆ ಎಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಒಳಗೆ ಬರೀ ಬೇರು-ಚಕ್ಕೆ ಇದ್ದರೆ ದುಡ್ಡು ಹೋಯಿತು, ಅದಕ್ಕಿಂತ ಹೆಚ್ಚಾಗಿ ತಿಂಗಳುಗಟ್ಟಲೆ ಸಮಯ ಹೋಯಿತು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಎಂಬ ಔಷಧಿ ಇದ್ದರೆ ಮಾತ್ರ ಜೀವಕ್ಕೇ ಸಂಚಕಾರ. ಮದ್ಯ ಹೊಟ್ಟೆಗೆ ಹೋದಾಗ ಲಿವರ್ ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮಾಡುತ್ತದೆ, ಆಮೇಲೆ ಅದನ್ನೂ ಒಡೆಯುತ್ತದೆ. ಡೈಸಲ್ಫಿರಾಂ ಈ ಎರಡನೇ ಕೆಲಸವನ್ನು ತಡೆಯುತ್ತದೆ. ಕುಡಿದು ಅರ್ಧ ಗಂಟೆಯೊಳಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು.

ಮನೋವೈದ್ಯರೂ ಇದೇ ಮಾತ್ರೆ ಬರೆಯುತ್ತಾರಲ್ಲ ಎಂದರೆ, ಹೌದು, ಬರೆಯುತ್ತಾರೆ. ಆದರೆ ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ, ಲಿವರ್, ಹೃದಯ ನೋಡಿ, ಒಪ್ಪಿಗೆ ಪಡೆದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಮದ್ಯ ಆಗದು, ಮದ್ಯಸಾರವಿರುವ ಕೆಮ್ಮಿನ ಸಿರಪ್ಪೂ ಬೇಡ ಎಂದು ತಿಳಿಸಿ ಕೊಡುತ್ತಾರೆ. ‘ಇವತ್ತು ಮಾತ್ರೆ ನುಂಗಿದ್ದೇನೆ, ಕುಡಿದರೆ ಕೆಟ್ಟೆ’ ಎಂಬ ಅಂಜಿಕೆಯೇ ಆ ಮಾತ್ರೆಯ ಅಸಲು ಕೆಲಸ. ಗುಟ್ಟಾಗಿ ಕೊಟ್ಟರೆ ಅಂಜಿಕೆ ಎಲ್ಲಿಂದ ಬರಬೇಕು? ಉಳಿಯುವುದು ವಿಷ ಮಾತ್ರ. ಒಂದಲ್ಲ ಒಂದು ದಿನ ಗುಟ್ಟು ರಟ್ಟಾದರೆ ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನೂ ಹೆಂಡತಿ ಕೈಯಿಂದ ನುಂಗುವುದಿಲ್ಲ.

ಪುಡಿ ಮಾರುವವರು ಕೇಳದ ಪ್ರಶ್ನೆ ಒಂದಿದೆ: ದಿನಕ್ಕೆ ಎಷ್ಟು, ಯಾವ ಹೊತ್ತಿಗೆ? 180 ಎಂಎಲ್ ಪ್ಯಾಕೆಟ್ ಶೇ 42.8ರದ್ದಾದರೆ ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಶೇ 8ರ ದೊಡ್ಡ ಬಿಯರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ. ‘ಬರೀ ಬಿಯರ್ರೀ’ ಅನ್ನುವ ಸಮಾಧಾನ ಇಲ್ಲಿಗೇ ಮುಗಿಯಿತು.

ಲಕ್ಷಣ ನೋಡಬೇಕಾದದ್ದು ರಾತ್ರಿಯಲ್ಲ, ಬೆಳಿಗ್ಗೆ. ತೂರಾಡುವುದು ಅಮಲಿನ ಗುರುತು, ಅಷ್ಟೇ. ಚಟ ಕಾಣುವುದು ಅಮಲು ಇಳಿದಾಗ. ಹಲ್ಲುಜ್ಜುವಾಗ ಓಕರಿಕೆ, ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಸಹಿ ಹಾಕಲು ಪರದಾಡುವುದು, ಒಂದು ನೈಂಟಿ ಬಿದ್ದ ಕೂಡಲೇ ಇದೆಲ್ಲ ಸರಿಹೋಗುವುದು. ಅನುಮಾನವಿದ್ದರೆ ಬೆರಳು ಬಿಡಿಸಿ ಕೈ ಮುಂದೆ ಚಾಚಲು ಹೇಳಿ, ಮೇಲೊಂದು ಕಾಗದದ ಹಾಳೆ ಇಡಿ. ಕಣ್ಣಿಗೆ ಕಾಣದ ನಡುಕ ಹಾಳೆಯ ಅಂಚಿನಲ್ಲಿ ಕಾಣುತ್ತದೆ. ನಡುಕಕ್ಕೆ ಬೇರೆ ಕಾರಣಗಳೂ ಇರುವುದರಿಂದ ಇದೊಂದನ್ನೇ ನೆಚ್ಚಬೇಡಿ. ‘ಎಷ್ಟು ಕುಡಿದರೂ ನಮ್ಮ ಮನೆಯವರು ಸ್ಟಡಿ’ ಎಂದು ಹೆಮ್ಮೆಪಡುವ ಮನೆಗಳಿವೆ. ಮೊದಲು ನೈಂಟಿಗೆ ಏರುತ್ತಿದ್ದದ್ದು ಈಗ ಕ್ವಾರ್ಟರಿಗೂ ಏರದಿದ್ದರೆ ಅದೇ ದೊಡ್ಡ ಎಚ್ಚರಿಕೆ. ಸ್ಕೂಟರ್ ಡಿಕ್ಕಿಯಲ್ಲಿ ಬಚ್ಚಿಟ್ಟ ಬಾಟಲಿ, ಸೋಮವಾರದ ರಜೆ, ಊಟ ಬಿಟ್ಟು ಮಂಡಕ್ಕಿ-ಮಿರ್ಚಿಯಲ್ಲೇ ರಾತ್ರಿ ಮುಗಿಸುವುದು ಇವೆಲ್ಲ ಆಮೇಲಿನವು.

ಬೆಳಗಿನ ನಡುಕ ಇರುವವರನ್ನು ಕೋಣೆಯಲ್ಲಿ ಕೂಡಿಹಾಕಿ ದಿಢೀರ್ ಬಿಡಿಸಬೇಡಿ. ಕುಡಿತ ನಿಂತು 6ರಿಂದ 24 ಗಂಟೆಯೊಳಗೆ ಬೆವರು, ನಡುಕ ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆ ಮೇಲೆ ಇರುವೆ ಹರಿದಂತೆ ಕಾಣುತ್ತದೆ, ಎಪಿಎಂಸಿ ಹಮಾಲಿಯಾದರೆ ಮಂಚದಲ್ಲೇ ಕೂತು ಇಲ್ಲದ ಚೀಲ ಎತ್ತಲು ಹೋಗುತ್ತಾನೆ. ಇದು ಗಾಳಿ ಸೋಕಿದ್ದಲ್ಲ, ದೆವ್ವವೂ ಅಲ್ಲ. 108ಕ್ಕೆ ಫೋನ್ ಮಾಡಿ.

ಇನ್ನೊಂದು ನಮ್ಮ ಕಡೆಯ ರೂಢಿ: ‘ಸುಸ್ತಾಗೇತ್ರಿ, ಒಂದು ಗ್ಲೂಕೋಸ್ ಹಾಕ್ರಿ.’ ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದದ್ದೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕುಡಿತದ ವಿಷಯ ಮುಚ್ಚಿಟ್ಟು ಬಾಟಲಿ ಹಾಕಿಸಬೇಡಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತರುವುದೂ ಬೇಡ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಹಾಗಾದರೆ ಏನು ಕೊಳ್ಳಬೇಕು? ಏನೂ ಬೇಡ, ಫೋನ್ ಮಾಡಿ. 14416, ಟೆಲಿ ಮನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ. ಹಗಲು ರಾತ್ರಿ ಇದೆ, ಬಿಟ್ಟಿ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಮಾಡಬೇಕೆಂದಿಲ್ಲ, ಮನೆಯವರು ಮಾಡಿದರೂ ಆದೀತು. ವ್ಯಸನಕ್ಕೆಂದೇ 14446 ಕೂಡ ಇದೆ. ನಮ್ಮ ಅಂಕ ಐದಕ್ಕೆ ನಾಲ್ಕು. ಒಂದು ಕಡಿಮೆ ಏಕೆಂದರೆ ನಾಡಿ, ನಡುಕ ಫೋನಿನಲ್ಲಿ ಕಾಣುವುದಿಲ್ಲ. ದಿನಾ ಕುಡಿಯುವವರು ಆಸ್ಪತ್ರೆಯ ಮನೋವೈದ್ಯ ವಿಭಾಗದ ಮೆಟ್ಟಿಲು ಹತ್ತಲೇಬೇಕು. ಅಲ್ಲಿ ಸುಮಾರು ಒಂದು ವಾರ ನಡುಕದ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ, ಥಯಾಮಿನ್ ಕೊಟ್ಟು, ಆಮೇಲೆ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಔಷಧಿಯ ಮಾತು ಬರುತ್ತದೆ.

ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಇದೆಯೇ, ವೈದ್ಯರು ಯಾವಾಗ ಬರುತ್ತಾರೆ ಎಂದು ಕೇಳಿ. ಸರಪಳಿ ಕಟ್ಟುವುದನ್ನು ಅದೇ ಕಾಯ್ದೆ ನಿಷೇಧಿಸಿದೆ.

ಆಸ್ಪತ್ರೆಗೆ ಹೊರಡುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು ಪ್ಯಾಕೆಟ್, ಹಿಂದೆ ಫಿಟ್ಸ್ ಬಂದಿತ್ತೇ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ. ಪುಡಿ ಆಗಲೇ ಹಾಕಿದ್ದರೆ ನಾಚಿಕೆ ಬಿಟ್ಟು ಆ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಳ್ಳಿ.