ಪದ್ಮಿನಿಗೆ ಹಳೇ ಪಾಯಿಂಟೋ, ಎಲೆಕ್ಟ್ರಾನಿಕ್ ಇಗ್ನಿಷನ್ನೋ?

ಪ್ರೀಮಿಯರ್ ಪದ್ಮಿನಿ ಕಾರಿನ 1089 ಸಿಸಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ಬಿಚ್ಚೋದು ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರಿನ ಕ್ಯಾಪ್. ಅದರೊಳಗಿನ ಪಾಯಿಂಟ್, ಅಂದರೆ ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಪುಟ್ಟ ಸ್ವಿಚ್, ಕಪ್ಪಾಗಿದೆಯಾ, ಗ್ಯಾಪ್ ಮುಚ್ಚಿಕೊಂಡಿದೆಯಾ, ಎಲ್ಲ ಕಣ್ಣಿಗೇ ಕಾಣುತ್ತೆ. ಸಕಲೇಶಪುರ ದಾಟಿ ಘಾಟಿಯಲ್ಲಿ ಒಮ್ಮೆ ಗಾಡಿ ಕೈಕೊಟ್ಟಾಗ ಟೂಲ್ ಬ್ಯಾಗಿನಲ್ಲಿದ್ದ ಸಣ್ಣ ಉಪ್ಪುಕಾಗದದಿಂದ ಪಾಯಿಂಟ್ ಉಜ್ಜಿ, ಗ್ಯಾಪ್ ಅಳೆಯೋ ಫೀಲರ್ ಗೇಜ್ ಇಲ್ಲದೆ ವಿಸಿಟಿಂಗ್ ಕಾರ್ಡನ್ನೇ ನಡುವೆ ತೂರಿಸಿ ಗ್ಯಾಪ್ ಇಟ್ಟು ಮನೆ ಸೇರಿದ್ದೆ. ಮತ್ತೆ ಮತ್ತೆ ಪಾಯಿಂಟ್ ಸುಡುತ್ತಿದ್ದರೆ ಅದನ್ನೇ ಬದಲಿಸುತ್ತಾ ಕೂರಬೇಡಿ, ಪಾಯಿಂಟ್ ಸುಡದಂತೆ ಕಾಯೋ ಕಂಡೆನ್ಸರ್ ನೋಡಿ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿದರೆ ಈ ಉಜ್ಜಾಟ ಇಲ್ಲ. ಕಿಡಿ ಹಾರೋ ಟೈಮಿಂಗ್ ಬೇಗ ಜಾರಲ್ಲ, ಬೆಳಗ್ಗೆ ಸ್ಟಾರ್ಟಿಂಗೂ ಚೆನ್ನಾಗಿರುತ್ತೆ. ಆದರೆ ಕಿಟ್‌ನ ಎಲೆಕ್ಟ್ರಾನಿಕ್ ಮಾಡ್ಯೂಲ್ ಹೋದರೆ ಹೋಯ್ತು, ರಸ್ತೆ ಬದಿಯಲ್ಲಿ ಉಜ್ಜೋಕೆ ಏನೂ ಇಲ್ಲ. ಬ್ಯಾಟರಿ ವೈರ್ ಉಲ್ಟಾ ಕೊಟ್ಟರೆ ಸುಟ್ಟೇ ಹೋಗಬಹುದು. ಎಂಜಿನ್ ನಿಂತಿರುವಾಗ ಸುಮ್ನೆ ಕೀ ಆನ್ ಬಿಟ್ಟರೂ ಕೆಲವು ಕಿಟ್‌ಗಳು ತಾಳಲ್ಲ. ಕಿಡಿಗೆ ಹೈ ವೋಲ್ಟೇಜ್ ಕೊಡೋ ಕಾಯಿಲ್ ಕಿಟ್‌ಗೆ ಹೊಂದುತ್ತಾ ಅಂತಲೂ ನೋಡಬೇಕು. ಹಳೇ ವೈರಿಂಗ್, ಸಡಿಲ ಅರ್ತಿಂಗ್ ಇರುವ ಗಾಡಿಗೆ ಇದನ್ನು ಹಾಕಿದರೆ ತಲೆನೋವು ಜಾಸ್ತಿ ಅಷ್ಟೇ, ಮೊದಲು ಅದನ್ನು ಸರಿಮಾಡಿಸಿ.

ಭಾನುವಾರಕ್ಕೊಮ್ಮೆ ಓಡಿಸೋರಿಗೆ, ಕೈಗೆ ಗ್ರೀಸ್ ಆದರೆ ಬೇಜಾರಿಲ್ಲ ಅನ್ನೋರಿಗೆ ಪಾಯಿಂಟೇ ಸಾಕು. ದಿನಾ ಆಫೀಸಿಗೆ ಅದರಲ್ಲೇ ಹೋಗ್ತೀರಾ? ಹಾಗಾದರೆ ಕಿಟ್ ಹಾಕಿಸಿ, ಬಿಚ್ಚಿದ ಪಾಯಿಂಟ್, ಕಂಡೆನ್ಸರ್ ಮಾತ್ರ ಡಿಕ್ಕಿಯಲ್ಲೇ ಇರಲಿ.