ಎಮ್‌ಸಿಆರ್ ಚಪ್ಪಲಿ: ಒಂಬತ್ತು ತಿಂಗಳು ಹಾಕಿದ ಟೇಲರ್ ಮಾತು

ಗದಗಿನ ಬೆಟಗೇರಿಯಲ್ಲಿ ನಂದು ಸಣ್ಣ ಟೇಲರ್ ಅಂಗಡಿ. ಶುಗರ್ ಬಂದು ಹನ್ನೊಂದು ವರ್ಷ. ಹೋದ ವರ್ಷ ಒಂದು ರಾತ್ರಿ ಊಟಕ್ಕೆ ಕೂತಾಗ ನಮ್ಮಾಕಿ ನನ್ನ ಅಂಗಾಲು ನೋಡಿ, "ಅಯ್ಯ, ಇದೇನ್ರೀ ರಕ್ತ?" ಅಂದಳು. ಬಾಗಿಲಾಚೆ ಬಿಟ್ಟಿದ್ದ ಹವಾಯಿ ಚಪ್ಪಲಿ ತಿರುವಿ ನೋಡಿದರೆ ಮುರಿದ ಮಷಿನ್ ಸೂಜಿ, ತುದಿ ಮೇಲೆ ಮಾಡಿಕೊಂಡು ಕೂತಿತ್ತು. ಮುಂಜಾನೆಯಿಂದ ಅದರ ಮೇಲೇ ಕಾಲಿಟ್ಟು ಪಾಯಿಡಲ್ ತುಳಿದಿದ್ದೆ. ಟೇಲರನಿಗೆ ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ ಅಂದರೆ ಯಾರಾದರೂ ನಗುತ್ತಾರೆ. ನಾನೂ ನಕ್ಕೆ. ನಮ್ಮಾಕಿ ನಗಲಿಲ್ಲ.

ಮರುದಿನ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆವು. ಡಾಕ್ಟರ್ ಬಾಯಾರು ಕಣ್ಣು ಮುಚ್ಚಿಸಿ, ಗಾಳದ ದಾರದಂಥ ದಪ್ಪ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತುತ್ತ ಹೋದರು. 10 ಗ್ರಾಂ ಭಾರ ಬಿದ್ದಾಗ ಬಾಗುವ ಎಳೆಯಂತೆ ಅದು. ಮುಟ್ಟಿದಾಗೆಲ್ಲ "ಹ್ಞೂಂ" ಅನ್ನಬೇಕು. ಬಲಗಾಲಿಗೆ ಹತ್ತು ಕಡೆ ಮುಟ್ಟಿದರು, ನಾನು ನಾಲ್ಕು ಸಲ ಹ್ಞೂಂ ಅಂದೆ. ಆಮೇಲೆ ಬಡಿದರೆ ನಡುಗುವ ಕವಲುಗೋಲು (ಟ್ಯೂನಿಂಗ್ ಫೋರ್ಕ್) ಬಡಿದು ಹೆಬ್ಬೆರಳಿನ ಎಲುಬಿಗೆ ಹಿಡಿದರು. ಅದರ ನಡುಕವೂ ತಿಳಿಯಲಿಲ್ಲ.

"ಕಾಕಾ, ನರ ಉದ್ದ ಇದ್ದಷ್ಟು ಮೊದಲು ಕೆಡ್ತದ. ಸೊಂಟದಿಂದ ಕಾಲ್ಬೆರಳಿಗೆ ಹೋಗೋದು ಎಲ್ಲಾಕ್ಕಿಂತ ಉದ್ದ, ಅದಕ್ಕ ಅಲ್ಲಿಂದ ಸುರು. ಮೊಣಕಾಲ ತನಕ ಏರಿತು ಅಂದ್ರ ಕೈಬೆರಳಿನ ತುದಿಗೂ ಬರ್ತದ," ಅಂದರು. ಕೈಬೆರಳು ಅಂದಕೂಡಲೆ ನನ್ನ ಎದೆ ಧಸಕ್ ಅಂತು. ಸೂಜಿಗೆ ದಾರ ಪೋಣಿಸುವುದು ಕಣ್ಣಿನ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ, ಅರ್ಧ ಕೆಲಸ ಬೆರಳಿಂದು.

ರಕ್ತ ತಪಾಸಣೆಯಲ್ಲಿ ವಿಟಮಿನ್ ಬಿ12 ಕಡಿಮೆ ಬಂತು. ವರ್ಷಗಟ್ಟಲೆ ಶುಗರಿನ ಗುಳಿಗೆ ಮೆಟ್ಫಾರ್ಮಿನ್ ನುಂಗಿದವರಿಗೆ ಹಂಗಾಗುವುದುಂಟಂತೆ. ನಾವು ಮಾಂಸ ತಿನ್ನುವವರಲ್ಲ, ಹಾಲು ಮೊಸರಿನಿಂದ ಸಿಕ್ಕಷ್ಟೇ. ಇಂಜೆಕ್ಷನ್ ಆಯಿತು. ರಾತ್ರಿ ಕಾಲುರಿಗೆ ಪ್ರಿಗಾಬಲಿನ್ ಕೊಟ್ಟರು. ಉರಿ ಇಳಿಯಿತು, ಆದರೆ ಮೊದಲ ವಾರ ಹಗಲೂ ತೂಕಡಿಕೆ, ಒಂದು ಜಂಪರಿನ ತೋಳು ಉಲ್ಟಾ ಹಚ್ಚಿಬಿಟ್ಟೆ. "ಇದು ಉರಿ ತಗ್ಗಿಸ್ತದ, ಕೆಟ್ಟ ನರ ರಿಪೇರಿ ಮಾಡಂಗಿಲ್ಲ. ಶುಗರ್ ಹಿಡಿತದಾಗ ಇಡ್ರಿ, ಕಾಲು ಕಾಯ್ಕೊಳ್ರಿ," ಅಂತ ಹೇಳಿ ಚೀಟಿಯಲ್ಲಿ ಎಮ್‌ಸಿಆರ್ ಚಪ್ಪಲಿ ಅಂತ ಬರೆದರು. ಅಂದರೆ ಮೈಕ್ರೋಸೆಲ್ಯುಲರ್ ರಬ್ಬರಿನ, ಜೋಮು ಹಿಡಿದ ಕಾಲು ಕಾಯುವ ಮೆತ್ತನೆ ಚಪ್ಪಲಿ.

ಅದಕ್ಕೂ ಮೊದಲು ಪೇಟೆಯಲ್ಲಿ ಗುಬುಟು ಗುಬುಟು ಇರುವ ಆಕ್ಯುಪ್ರೆಶರ್ ಚಪ್ಪಲಿ ಕೊಂಡಿದ್ದೆ, ನರ ಎಚ್ಚರಾಗ್ತದ ಅಂತ ಮಾರಿದ್ದರು. ಜೋಮು ಹಿಡಿದ ಕಾಲಿಗೆ ಅದರಂಥ ವೈರಿ ಬೇರೆ ಇಲ್ಲ. ಗುಬುಟು ಒತ್ತಿದಲ್ಲೆಲ್ಲ ಚರ್ಮ ಕೆಂಪಾಗಿದ್ದು ಕಣ್ಣಿಗೆ ಕಂಡಿತು, ಕಾಲಿಗೆ ತಿಳಿಯಲಿಲ್ಲ.

ಎಮ್‌ಸಿಆರ್ ಮಾಡಿಕೊಡುವವರ ಅಂಗಡಿ ಹುಬ್ಬಳ್ಳಿಯಲ್ಲಿ, ಕೃತಕ ಕಾಲು, ಪಟ್ಟಿ ಎಲ್ಲ ಮಾಡುತ್ತಾರೆ. ಅಳತೆ ತಗೊಂಡ ರೀತಿ ನೋಡಿ ಖುಷಿಯಾಯಿತು. ಮಸಿ ಹಚ್ಚಿದ ರಬ್ಬರಿನ ಕೆಳಗೆ ಕಾಗದ ಇಟ್ಟು ಅದರ ಮೇಲೆ ಒಂದು ಹೆಜ್ಜೆ ನಡೆಸಿದರು. ಭಾರ ಎಲ್ಲಿ ಜಾಸ್ತಿಯೋ ಅಲ್ಲಿ ಗಟ್ಟಿ ಕಪ್ಪು. ನನ್ನದು ಹೆಬ್ಬೆರಳಿನ ಬುಡದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲೇ. "ಟೇಲರ್ ಮಾಸ್ತರ್ರ, ನೀವು ಎದಿ ಅಳತಿ ತಗೊಂಡಂಗ ಇದು," ಅಂದರು. ನಾನು ಇಷ್ಟು ನಾಜೂಕಾಗಿ ಯಾರ ಅಳತೆಯನ್ನೂ ತಗೊಂಡಿಲ್ಲ, ಬಿಡಿ.

ಚಪ್ಪಲಿ ಎರಡು ಪದರ. ಕಾಲಿಗೆ ತಾಗುವುದು ಸಣ್ಣ ಸಣ್ಣ ಗಾಳಿಗುಳ್ಳೆಯ ಮೆತ್ತನೆ ರಬ್ಬರು, ಬೆರಳಿನಿಂದ ಒತ್ತಿದರೆ ಇಳಿದು ಮತ್ತೆ ಏಳುತ್ತದೆ. ಕೆಳಗೆ ಗಟ್ಟಿ ಅಟ್ಟೆ. ಎಲ್ಲೂ ಮೊಳೆ ಇಲ್ಲ. ಬೆರಳಿನ ನಡುವೆ ಬಾರು ಇಲ್ಲ. ಹಿಮ್ಮಡಕ್ಕೆ ಪಟ್ಟಿ ಇದೆ, ಯಾಕಂದರೆ ಜೋಮು ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೂ ನಮ್ಮಂಥವರು ಬರಿಗಾಲಲ್ಲೇ ಮುಂದೆ ಹೋಗಿಬಿಡುತ್ತೇವೆ. ಪಕ್ಕದ ಅಂಗಡಿ ಹಿರಿಯರು ನೋಡಿ, "ಇದು ಕುಷ್ಠದವರಿಗೆ ಕೊಡ್ತಿದ್ದ ಚಪ್ಪಲಿ ಅಲ್ಲೇನು?" ಅಂದರು. ಹೌದು. ವೆಲ್ಲೂರಿನಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಕುಷ್ಠರೋಗಿಗಳಿಗಾಗಿ ಇಂಥ ರಬ್ಬರಿನ ಚಪ್ಪಲಿ ಮಾಡಿಸಿದವರು. ಅಲ್ಲಿ ನರ ಕೊಲ್ಲುವುದು ಕುಷ್ಠ, ಇಲ್ಲಿ ಸಕ್ರಿ. ಸ್ಪರ್ಶ ಸತ್ತ ಕಾಲಿಗೆ ಬೇಕಾದದ್ದು ಒಂದೇ. ಆ ಹಿರಿಯರು ಮಾತ್ರ ಈಗಲೂ ಸ್ವಲ್ಪ ದೂರ ಕೂಡುತ್ತಾರೆ.

ಇನ್ನು ತಕರಾರು. ಎಂಟು ದಿನ ಅಂದವರು ಮೂರು ವಾರ ಮಾಡಿದರು, ಎರಡು ಸಲ ರೈಲುಚಾರ್ಜು ದಂಡ. ಅಂಚನ್ನು ಹೊಲಿಯದೆ ಬರೀ ಅಂಟಿಸಿದ್ದಾರೆ. ಮೊದಲ ಮಳೆಗೇ ಎಡಗಾಲಿಂದು ಬಾಯಿ ಬಿಟ್ಟಿತು, ನಾನೇ ಮೇಣದ ದಾರ ಹಾಕಿ ಕೈಹೊಲಿಗೆ ಹಾಕಿದೆ, ಗಂಟು ಹೊರಮಗ್ಗಲಿಗೆ ಬರುವಂಗೆ. ವೆಲ್ಕ್ರೋ ನಮ್ಮ ಉದ್ಯೋಗಕ್ಕಲ್ಲ, ನೂಲು ದಾರ ಎಲ್ಲ ಹಿಡಿದುಕೊಂಡು ಎರಡು ತಿಂಗಳಿಗೆ ಅಂಟುವುದೇ ಬಿಟ್ಟಿತು. ಮೆತ್ತನೆ ಪದರ ಏಳನೇ ತಿಂಗಳಿಗೆ ಹೆಬ್ಬೆರಳಿನ ಬುಡದಲ್ಲಿ ಚಪ್ಪಟೆಯಾಗಿ, ಈಗ ಒತ್ತಿದರೆ ಏಳುವುದಿಲ್ಲ. 1,100 ರೂಪಾಯಿಗೆ ವರ್ಷವಾದರೂ ಬರಬೇಕಿತ್ತು. ಗುಡಿಗೆ ಹೋದಾಗ ಹೇಗೂ ಬಿಚ್ಚಲೇಬೇಕು. ವೀರನಾರಾಯಣ ಗುಡಿಯ ಕಲ್ಲುಹಾಸು ಬೇಸಿಗೆ ಮಧ್ಯಾಹ್ನ ಹೆಂಚು ಇದ್ದಂಗೆ, ಅದಕ್ಕೆ ಬೆಳಗ್ಗೆ ಏಳಕ್ಕೇ ಹೋಗುತ್ತೇನೆ. ಬಿಸಿನೀರಲ್ಲಿ ಕಾಲಿಡುವುದನ್ನೂ ಬಿಟ್ಟೆ.

ಹೋದ ವಾರ ನಮ್ಮಾಕಿ ಎಂದಿನಂತೆ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿದಳು, ಏನೂ ಇರಲಿಲ್ಲ. ಚಪ್ಪಲಿ ತಿರುವಿದರೆ ಅಟ್ಟೆಯಲ್ಲಿ 16 ನಂಬರಿನ ಸೂಜಿ, ಮುರಿದದ್ದು. ಇಕ್ಕಳದಿಂದ ಕಿತ್ತು, ಮೇಲಿನ ಪದರವನ್ನು ಬೆಳಕಿಗೆ ಹಿಡಿದು ನೋಡಿದೆ. ತೂತು ಬಿದ್ದಿರಲಿಲ್ಲ. ಸೋಮವಾರ ಎರಡನೇ ಜೋಡಿಗೆ ಅಳತೆ ಕೊಡಲು ಹೊರಟಿದ್ದೇನೆ, ಈ ಸಲ ವೆಲ್ಕ್ರೋ ಬದಲು ಬಕಲ್ ಹಾಕಿಸುತ್ತೇನೆ. ಅಂಚಿನ ಹೊಲಿಗೆ ನಾನೇ ಹಾಕಿಕೊಳ್ಳುತ್ತೇನೆ.