ಗ್ರಾಸ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್, ಸಸ್ಕಾಚೆವಾನ್: ಹೋದರೆ ರಾತ್ರಿ ಉಳಿಯಲೇಬೇಕು

ಕೆನಡಾದಲ್ಲಿರುವ ನಮ್ಮವರು ಕ್ಯಾಂಪಿಂಗ್ ಅಂದ ಕೂಡಲೇ ಬ್ಯಾನ್ಫ್, ಜಾಸ್ಪರ್ ಕಡೆ ಗಾಡಿ ತಿರುಗಿಸುತ್ತಾರೆ. ಅವೂ ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಸಸ್ಕಾಚೆವಾನ್‌ನ ದಕ್ಷಿಣದ ತುದಿಯಲ್ಲಿ, ಅಮೆರಿಕದ ಗಡಿಗೆ ಅಂಟಿಕೊಂಡಿರುವ ಈ ಹುಲ್ಲುಗಾವಲಿನ ಹೆಸರನ್ನೇ ಯಾರೂ ಎತ್ತುವುದಿಲ್ಲ. ನನಗೆ ಅದೇ ಬೇಜಾರು. ಹೋದವರಲ್ಲೂ ಸುಮಾರು ಜನ ಮಧ್ಯಾಹ್ನ ಬಂದು, ಕಾರಿನಲ್ಲೇ ಒಂದು ಸುತ್ತು ಹಾಕಿ, ಬರೀ ಹುಲ್ಲು ಅಂದುಕೊಂಡು ವಾಪಸ್ ಹೋಗಿಬಿಡುತ್ತಾರೆ. ಇಲ್ಲಿ ನೋಡುವುದೆಲ್ಲ ಸಂಜೆ ಮತ್ತು ಬೆಳಗಿನ ಜಾವವೇ, ಅದಕ್ಕೇ ಟೆಂಟ್ ಹಾಕಲೇಬೇಕು.

ಪಾರ್ಕಿಗೆ ಎರಡು ಭಾಗ. ಮೊದಲ ಸಲಕ್ಕೆ ವೆಸ್ಟ್ ಬ್ಲಾಕ್ ಸಾಕು. ಸ್ವಿಫ್ಟ್ ಕರೆಂಟ್ ಅನ್ನುವ ಊರಿನಿಂದ ಸೀದಾ ದಕ್ಷಿಣಕ್ಕೆ ನೂರಿಪ್ಪತ್ತು ಕಿಲೋಮೀಟರ್ ಚಿಲ್ಲರೆ ಹೋದರೆ ವಾಲ್ ಮೇರಿ ಅನ್ನುವ ಪುಟ್ಟ ಹಳ್ಳಿ ಸಿಗುತ್ತದೆ, ಪಾರ್ಕಿನ ಆಫೀಸೂ ಅಲ್ಲೇ. ಪೆಟ್ರೋಲ್, ಐಸ್, ತರಕಾರಿ, ಕುಡಿಯುವ ನೀರು ಎಲ್ಲ ಸ್ವಿಫ್ಟ್ ಕರೆಂಟ್‌ನಲ್ಲೇ ತುಂಬಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಉಳಿಯಲು ಫ್ರೆಂಚ್‌ಮನ್ ವ್ಯಾಲಿ ಕ್ಯಾಂಪ್‌ಗ್ರೌಂಡ್ ಇದೆ. ಕೆಲವು ಜಾಗಗಳಿಗೆ ಕರೆಂಟ್ ಇದೆ. ಟೆಂಟ್ ಇಲ್ಲದವರಿಗೆ ಮಂಚ ಹಾಕಿರುವ, ಟೆಂಟ್ ಮತ್ತು ಕ್ಯಾಬಿನ್ ಬೆರೆತಂತಿರುವ ಒಟೆಂಟಿಕ್‌ಗಳಿವೆ, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಅದೇ ವಾಸಿ. ಮರದ ನೆರಳು ಅಂತ ಆಸೆ ಇಟ್ಟುಕೊಳ್ಳಬೇಡಿ. ಗಾಳಿಯಂತೂ ಕೇಳಲೇಬೇಡಿ, ಮಧ್ಯಾಹ್ನ ಶುರುವಾದರೆ ನಿಲ್ಲುವ ಮಾತೇ ಇಲ್ಲ. ಟೆಂಟ್ ಜೊತೆ ಬರುವ ತೆಳು ಗೂಟಗಳು ಆ ಗಟ್ಟಿ ನೆಲದಲ್ಲಿ ಸುಮ್ನೆ ಬಾಗಿಬಿಡುತ್ತವೆ. ಒಂದು ಸುತ್ತಿಗೆ, ದಪ್ಪ ಕಬ್ಬಿಣದ ಗೂಟ, ಎತ್ತರ ಕಡಿಮೆ ಇರುವ ಟೆಂಟ್, ಇಷ್ಟಿದ್ದರೆ ನೆಮ್ಮದಿಯ ನಿದ್ದೆ. ಸ್ಟೌ ಹಚ್ಚುವುದೂ ಕಷ್ಟ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಟೀ ಒಂದು ಕಾಯಿಸಿಕೊಂಡರೆ ಸಾಕು. ಬೆಂಕಿ ಹಚ್ಚುವ ಮೊದಲು ಅವತ್ತು ನಿಷೇಧ ಇದೆಯಾ ಅಂತ ಕೇಳಿ, ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಹುಲ್ಲಿನ ಮೇಲೆ ಕಾರು ನಿಲ್ಲಿಸುವುದೂ ಅಷ್ಟೇ ಅಪಾಯ, ಸೈಲೆನ್ಸರ್ ಬಿಸಿಗೇ ಹೊತ್ತಿಕೊಳ್ಳಬಹುದು.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಪ್ರೇರಿ ಡಾಗ್. ನಾಯಿಯಲ್ಲ, ಅಳಿಲಿನ ಜಾತಿಯ ಪ್ರಾಣಿ. ಇಡೀ ಕೆನಡಾದಲ್ಲಿ ಕಪ್ಪು ಬಾಲದ ಪ್ರೇರಿ ಡಾಗ್‌ಗಳು ಯಾರೂ ಸಾಕದೆ ತಾವಾಗಿಯೇ ಬದುಕಿ ಉಳಿದಿರುವುದು ಈ ಪಾರ್ಕ್ ಮತ್ತು ಸುತ್ತಮುತ್ತ ಮಾತ್ರ. ಬಿಲದ ದಿಬ್ಬದ ಮೇಲೆ ಒಂದು ನಿಂತುಕೊಂಡು, ಮುಂಗಾಲು ಎರಡನ್ನೂ ಮೇಲೆತ್ತಿ, ಕತ್ತು ಹಿಂದಕ್ಕೆ ಎಸೆದು ಕೀಚ್ ಅನ್ನುತ್ತದೆ. ಪಕ್ಕದ್ದು ಹಾಗೇ ಮಾಡುತ್ತದೆ, ಅದರ ಪಕ್ಕದ್ದೂ. ನೋಡುತ್ತಿದ್ದಂತೆ ಇಡೀ ಬಯಲೇ ಎದ್ದು ಕುಣಿದಂತೆ ಆಗುತ್ತದೆ. ಇವುಗಳಿಗೆ ಪ್ಲೇಗ್ ತಗಲುವುದುಂಟು, ಹಾಗಾಗಿ ಮಕ್ಕಳು ಹತ್ತಿರ ಹೋಗದಂತೆ, ತಿಂಡಿ ಹಾಕದಂತೆ ನೋಡಿಕೊಳ್ಳಿ.

ಬೈಸನ್, ಅಂದರೆ ಅಮೆರಿಕದ ದೊಡ್ಡ ಕಾಡೆಮ್ಮೆ, ಕೂಡ ಇವೆ. ನೂರಕ್ಕೂ ಹೆಚ್ಚು ವರ್ಷ ಈ ನೆಲದಲ್ಲಿ ಒಂದೂ ಇರಲಿಲ್ಲ. 2005ರ ಕೊನೆಯಲ್ಲಿ ಆಲ್ಬರ್ಟಾದ ಎಲ್ಕ್ ಐಲ್ಯಾಂಡ್ ಪಾರ್ಕ್‌ನಿಂದ 71 ತಂದು, ಮುಂದಿನ ವರ್ಷ ಬಯಲಿಗೆ ಬಿಟ್ಟರು. ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ದೊಡ್ಡ ಬಂಡೆಗಳನ್ನು ಮುಟ್ಟಿ ನೋಡಿ, ಮೂಲೆಗಳು ನುಣ್ಣಗೆ ಹೊಳೆಯುತ್ತವೆ. ತಲೆಮಾರುಗಟ್ಟಲೆ ಬೈಸನ್‌ಗಳು ಮೈ ಉಜ್ಜಿ ಉಜ್ಜಿ ಹಾಗಾಗಿದೆ, ಸುತ್ತ ನೆಲವೂ ಸವೆದು ತಗ್ಗಾಗಿದೆ. ಪ್ರಾಣಿ ಕಂಡರೆ ನೂರು ಮೀಟರ್ ದೂರ ಇರಿ, ಫೋಟೋಗೋಸ್ಕರ ಹತ್ತಿರ ಹೋಗುವುದು ಬೇಡ. ನಡೆಯುವಾಗ ಪಾದ ಮುಚ್ಚುವ ಬೂಟು ಬೇಕೇ ಬೇಕು. ರ್‍ಯಾಟಲ್ ಹಾವು ಇದೆ, ಪಾಪಾಸುಕಳ್ಳಿಯ ಮುಳ್ಳೂ ಇದೆ.

ಆಕಾಶಕ್ಕೋಸ್ಕರ ಹೋಗುವವರು ತಿಂಗಳು ನೋಡಿಕೊಂಡು ಹೋಗಿ. 2009ರಲ್ಲಿ ಇದನ್ನು ಡಾರ್ಕ್ ಸ್ಕೈ ಪ್ರಿಸರ್ವ್ (ದೀಪದ ಬೆಳಕು ಕಡಿಮೆ ಇಟ್ಟು ರಾತ್ರಿಯ ಕತ್ತಲನ್ನು ಕಾಪಾಡುವ ಜಾಗ) ಅಂತ ಗುರುತಿಸಿದರು, ಆದರೆ ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತು ದಾಟಿದ ಮೇಲೆ, ಪೂರ್ತಿ ಕತ್ತಲಾಗುವ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತಾರೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ವಾರಗಳೇ ಸರಿ, ಅದೂ ಅಮಾವಾಸ್ಯೆಯ ಆಸುಪಾಸು. ಸೊಳ್ಳೆ ಕಡಿಮೆ, ಬಿಸಿಲೂ ಹದ. ರಾತ್ರಿ ಮಾತ್ರ ಚಳಿ ಜಾಸ್ತಿ, ದಪ್ಪ ಸ್ಲೀಪಿಂಗ್ ಬ್ಯಾಗ್ ಮತ್ತು ಕೆಂಪು ಬೆಳಕಿನ ಟಾರ್ಚ್ ಮರೆಯಬೇಡಿ. ಜಾಗವನ್ನು ಪಾರ್ಕ್ಸ್ ಕೆನಡಾದ ವೆಬ್‌ಸೈಟ್‌ನಲ್ಲಿ ಬೇಗ ಬುಕ್ ಮಾಡಿಬಿಡಿ. ವಾರಾಂತ್ಯ ಬಿಟ್ಟು ಹೋಗಲು ಆದರೆ ಇನ್ನೂ ಒಳ್ಳೆಯದು.